ಅರವತ್ತೆರಡು ತಾಯಂದಿರ ಬೈಗುಳ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಭಾಗದ ಕಬ್ಬಿಣದ ಕಿಟಕಿ ಕಿರುಗುಟ್ಟುತ್ತ ತೆರೆದುಕೊಳ್ಳುತ್ತದೆ. ಒಳಗಿನಿಂದ ಒಂದು ಕೈ ಹಸಿರು ಔಷಧದ ಪುಟ್ಟ ಲೋಟವನ್ನು ಮುಂದಿಡುತ್ತದೆ. ಹೊರಗೆ ನಿಂತವನು ಕುಡಿಯುತ್ತಾನೆ, ಮೇಲೆ ನೀರೂ ಕುಡಿಯುತ್ತಾನೆ. ಆದರೂ ಅವನಿಗೆ ಬಿಡುಗಡೆಯಿಲ್ಲ.

"ಮಾತಾಡು. ನಿನ್ನೆ ನಿಮ್ಮಮ್ಮ ಏನಂತ ಬೈದ್ರು?"

"ದಂಡಪಿಂಡ ಅಂದ್ರು."

"ಅಷ್ಟೇನಾ? ಪಾಪ, ಬೈದೂ ಬೈದೂ ಸಾಕಾಗಿದೆ ಅವರಿಗೆ. ಮುಂದಿನೋನು ಬಾ."

ಸಾಲಿನವರು ನಗುತ್ತಾರೆ. ಔಷಧವನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ, ಹೊರಗೆ ಉಗುಳಿ ಮಾರುವವರಿದ್ದಾರೆ. ಮಾತಾಡಿದರೆ ನುಂಗಿದ್ದು ಖಾತ್ರಿ. ಹನ್ನೊಂದು ವರ್ಷದಿಂದ ಹೀಗೆ ಮಾತಾಡಿಸುತ್ತಿರುವ, ಐವತ್ತೆಂಟು ದಾಟಿದ ಈ ಹೆಂಗಸನ್ನು ಎಲ್ಲರೂ ಕಿಟಕಿಯಮ್ಮ ಎನ್ನುತ್ತಾರೆ. ದಿನಕ್ಕೆ ಅರವತ್ತೆರಡು ಲೋಟ. ಅಮಲಿನ ಹಂಬಲ ತಗ್ಗಿಸುವ ಈ ಔಷಧ ಕುಡಿಯುವವರೆಲ್ಲ ಮಾದಕವಸ್ತುವಿನ ಚಟಕ್ಕೆ ಕದ್ದು ಸಿಕ್ಕಿಬಿದ್ದವರು. ಕಾನೂನು ಈಗ ಬಿಗಿಯಾಗಿದೆ, ಕಳವಿಗೆ ನಾಲ್ಕು ವರ್ಷ. ಚಿಕಿತ್ಸೆಗೆ ಒಪ್ಪಿದವರ ಶಿಕ್ಷೆಯನ್ನು ನ್ಯಾಯಾಲಯ ತಡೆಹಿಡಿಯುತ್ತದೆ. ಸತತ ಮೂರು ದಿನ ತಪ್ಪಿಸಿದರೆ ಜೈಲೇ.

ಎಂಟಕ್ಕೆ ಕಿಟಕಿ ಮುಚ್ಚಬೇಕು. ಏಳೂವರೆಯಾದರೂ ಒಂದು ಲೋಟ ಉಳಿದಿದೆ. ಅದು ಸೈಕಲ್ ಕಳ್ಳನದು. ಎರಡು ದಿನದಿಂದ ಅವನ ಸುಳಿವಿಲ್ಲ, ಇದು ಮೂರನೆಯದು. ಇವತ್ತು ಅವನ ಬದಲು ತಾಯಿ ಬಂದಿದ್ದಾರೆ.

"ಬಾಗಿಲು ಹಾಕ್ಕೊಂಡು ಮಲಗಿದ್ದಾನೆ ಅಕ್ಕಾ. ಇವತ್ತೊಂದಿನ ಬಂದಿದ್ದ ಅಂತ ಬರ್ಕೊಂಡ್ಬಿಡಿ."

"ನಾನು ಬರ್ಕೊಂಡ್ರೆ ಅವನ ಹೊಟ್ಟೆಗೆ ಮದ್ದು ಹೋಗುತ್ತಾ? ಇಲ್ಲಿ ಅಳ್ತಾ ಕೂತ್ಕೋಬೇಡಿ. ಹೋಗಿ ಬಾಗಿಲು ಒಡೀರಿ. ನಿಮಗೆ ಒಡೆಯೋಕೆ ಒಂದು ಬಾಗಿಲಾದ್ರೂ ಇದೆ."

ತಾಯಿ ಎದ್ದು ಓಡುತ್ತಾರೆ. ಉಳಿದ ಲೋಟವನ್ನು ಮುಚ್ಚಿಡುತ್ತ ಕಿಟಕಿಯಮ್ಮ, ಒಳಗೆ ಪಕ್ಕದಲ್ಲಿ ಕೂತು ನೋಡುತ್ತಿರುವ ನನಗೆ ತಾವಾಗಿಯೇ ಹೇಳುತ್ತಾರೆ.

"ನನ್ನ ಮಗ ತಾಮ್ರದ ತಂತಿ ಕದ್ದ. ಆಗ ಈ ಕಿಟಕಿ ಇರ್ಲಿಲ್ಲ. ಒಂದೂವರೆ ವರ್ಷ ಒಳಗಿದ್ದ. ಹೊರಗೆ ಬಂದ ಒಂಬತ್ತನೇ ದಿನ ಹಳೇ ಅಳತೇಲೇ ಚುಚ್ಕೊಂಡ. ರೂಢಿ ತಪ್ಪಿದ್ದ ಮೈ ತಡೀಲಿಲ್ಲ, ಹೋಗ್ಬಿಟ್ಟ. ಈ ತಾಯಂದಿರನ್ನ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಸುಳ್ಳು ಯಾಕೆ ಹೇಳ್ಲಿ? ಬೈಯೋಕೆ ಮಗ ಇದ್ದಾನೆ, ಅದರ ಮೇಲೆ ಅಳು ಬೇರೆ."

ಮಕ್ಕಳನ್ನು ಮಣ್ಣಿಗೊಪ್ಪಿಸಿದವರಿಗೆ ದೇವರು ಈ ಕಿಚ್ಚನ್ನೂ ಕೊಡುತ್ತಾನೆ. ನನಗೂ ಕೊಟ್ಟಿದ್ದಾನೆ. ಅದನ್ನು ಒಡಲಲ್ಲಿಟ್ಟುಕೊಂಡೇ ಬೆಳಗಾಗುವ ಮುನ್ನ ಎದ್ದು, ಬೇರೆಯವರ ಮಕ್ಕಳಿಗೆ ಔಷಧ ಅಳೆಯುವ ಶಕ್ತಿಯನ್ನು ಮಾತ್ರ ಎಲ್ಲರಿಗೂ ಕೊಡುವುದಿಲ್ಲ.

ಎಂಟಕ್ಕೆ ಎರಡೇ ನಿಮಿಷ. ಅಂಗಿಗೆ ಒಂದೇ ತೋಳು ತೂರಿಸಿಕೊಂಡು, ಬರಿಗಾಲಲ್ಲಿ ಸೈಕಲ್ ಕಳ್ಳ ಬರುತ್ತಾನೆ. ಅವನ ರಟ್ಟೆ ತಾಯಿಯ ಹಿಡಿತದಲ್ಲಿದೆ. ಔಷಧ ಕುಡಿಯುತ್ತಾನೆ. ನೀರೂ ಕುಡಿಯುತ್ತಾನೆ.

"ಮಾತಾಡು. ಅಮ್ಮ ಏನಂತ ಬೈದ್ರು?"

"ಬೈಲಿಲ್ಲ. ಚಿಲಕ ಮುರಿದ್ರು."

"ಹಾಗಾದ್ರೆ ಬೈಗುಳ ಬಾಕಿ ಇದೆ. ದಾರಿಯುದ್ದ ಕೇಳಿಸ್ಕೊಂಡು ಹೋಗು. ನಾಳೆ ಬಂದು ಒಂದೂ ಬಿಡದೆ ನಂಗೆ ಹೇಳ್ಬೇಕು."

ಗೇಟು ದಾಟುವ ಮೊದಲೇ ತಾಯಿ ಶುರುಮಾಡುತ್ತಾರೆ. ಲೋಟ ತೊಳೆಯುತ್ತಿದ್ದ ಕಿಟಕಿಯಮ್ಮ ನಲ್ಲಿ ನಿಲ್ಲಿಸಿ, ಆ ದನಿ ಬೀದಿಯ ತಿರುವಿನಲ್ಲಿ ಕರಗುವವರೆಗೂ ಕಿವಿಗೊಡುತ್ತಾರೆ.

"ಹೊಟ್ಟೆ ಉರಿಯುತ್ತೆ," ಅನ್ನುತ್ತಾರೆ. "ನಾಳೆನೂ ಉರೀಲಿ."