ಡ್ರಮ್ಮಿಗೆ ಹಚ್ಚಿದ ಕುಂಕುಮ

ಮಿರಜಿನ ನಮ್ಮ ಹಾಲಿನ ಸಂಘವನ್ನು ಸಾಂಗಲಿಯ ಸಂಘ ನುಂಗಿತು. ಅದಕ್ಕೆ ವಿಲೀನ ಎಂದು ಹೆಸರಿಟ್ಟರು. ನಮ್ಮ ಕಚೇರಿಯ ಕಸ ಗುಡಿಸುತ್ತಿದ್ದವಳು ನಾನು; ಸಾಂಗಲಿಯಲ್ಲಿ ಇನ್ನೊಬ್ಬಳಿದ್ದಳು. ಇನ್ನು ಒಬ್ಬಳೇ ಸಾಕಂತೆ. ಸಾಹೇಬರು ಮಾತ್ರ ಇಬ್ಬರಿದ್ದವರು ನಾಲ್ವರಾದರು. ಹಳಬಳು ಎಂದು ನನ್ನನ್ನೇ ಇಟ್ಟುಕೊಳ್ಳುವುದಾಗಿತ್ತು, ಆದರೆ ಓಟಿನ ಕಾರ್ಡಿನ ಝೆರಾಕ್ಸ್ ಸರಿ ಇರಬೇಕು.

ಅಷ್ಟರಲ್ಲಿ ಖಂಡೇನವಮಿ ಬಂತು. ನಮ್ಮ ಕಡೆ ಅವತ್ತು ಕುಡಗೋಲು, ತಕ್ಕಡಿ, ಸೈಕಲ್ಲು ಎಲ್ಲಕ್ಕೂ ಪೂಜೆ. ಸಾಂಗಲಿಯಿಂದ ಬಂದ ಹೊಸ ಸಾಹೇಬರಿಗೆ ಝೆರಾಕ್ಸ್ ಮಷೀನಿನ ಮೈಗೆ ಕುಂಕುಮ ಹಚ್ಚಿದ್ದು ಸಾಲಲಿಲ್ಲ. ಬಾಗಿಲು ತೆಗೆದು ಒಳಗೆ ಕಾಪಿ ಮೂಡಿಸುವ ಡ್ರಮ್ಮಿಗೇ ಅರಿಷಿಣ, ಕುಂಕುಮ, ಅಕ್ಕಿಕಾಳು ಏರಿಸಿದರು. ದೇವರು ಒಳಗಿರುತ್ತಾನಲ್ಲ.

ದಸರೆ ಮುಗಿದ ಮೇಲೆ ಸಾಹೇಬರು ಮೊದಲು ತಮ್ಮ ಕಾರ್ಡಿನ ಕಾಪಿ ತೆಗೆದರು, ಆಮೇಲೆ ನನ್ನದು. ನನ್ನ ಮೂಗಿನ ಕೆಳಗೆ ಮಸುಕಾಗಿ ಅವರ ಮೀಸೆ ಬಂತು.

ಮೆಕ್ಯಾನಿಕ್ ಬಂದು ಒಳಗೆ ಬ್ಯಾಟರಿ ಬಿಟ್ಟು ನೋಡಿದ.

"ಆಜಿ, ಒಂದು ಕಾಪಿ ಆದ ಮ್ಯಾಲ ಡ್ರಮ್ಮಿಗೆ ಕರೀಪುಡಿ ಉಳೀತೈತ್ರಿ. ಈ ರಬ್ಬರ ಪಟ್ಟಿ ಅದನ್ನ ಕೆರದ ತಗೀತೈತಿ. ಆಮ್ಯಾಲ ಒಂದು ದೀಪ ಹತ್ತಿ ಹಳೇ ಚಿತ್ರದ ಕರೆಂಟ ಅಳಸ್ತೈತಿ. ಪಟ್ಟಿ ಕೆಳಗ ಅಕ್ಕಿ ಸಿಕ್ಕು ಪಟ್ಟಿ ಹರದೈತಿ."

"ರೊಟ್ಟಿ ಆದ ಮ್ಯಾಲ ಹಂಚು ಒರಸಿದಂಗ ಅನ್ನು. ಬ್ಯಾರೆ ಪಟ್ಟಿ ಹಾಕಪ್ಪಾ."

"ಸಾಂಗಲಿ ಮಂಜೂರಿ ಬೇಕ್ರಿ."

ಮಷೀನು ಅಳಿಸುವುದನ್ನು ಮರೆಯಿತು. ಸಂಘಕ್ಕೆ ಮಾತ್ರ ಆ ವಿದ್ಯೆ ಚೆನ್ನಾಗಿ ಬರುತ್ತಿತ್ತು.

"ಹೊರಗಿನ ಅಂಗಡ್ಯಾಗ ತಗಸ್ತೇನ್ರಿ" ಎಂದೆ.

"ಸಂಘದ ಕಾಗದಾ ಸಂಘದ ಮಷೀನಿನ್ಯಾಗ ಆಗಬೇಕು. ಮಾರಿ ಕಾಣತೈತಲ್ಲ, ಸಾಕು" ಎಂದು ಸಾಹೇಬರು ಮೀಸೆಯ ಸಮೇತ ಸಾಂಗಲಿಗೆ ಕಳಿಸಿಬಿಟ್ಟರು.

ಫೋಟೊ ನನ್ನದಲ್ಲ, ಕೆಲಸ ಇನ್ನೊಬ್ಬಳಿಗೆ ಎಂದು ಸಾಂಗಲಿಯಿಂದ ಸುದ್ದಿ ಬಂತು. ಕಾರ್ಡು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಅಲ್ಲಿಯ ದೊಡ್ಡ ಸಾಹೇಬರು ಕಾಪಿಯನ್ನು ಬೆಳಕಿಗೆ ಹಿಡಿದರು.

"ಆಜಿ, ಇದು ಗಂಡಸರ ಮಾರಿ ಅಲ್ಲೇನ್ರಿ?"

"ಮೀಸಿ ನೀವು ಮಿರಜಿಗೆ ಕಳಿಸಿದ ಸಾಹೇಬ್ರದು. ಉಳದದ್ದು ನಂದು. ಬೇಕಾದ್ರ ಅವರನ್ನ ಕರದು ಬಾಜೂಕ ನಿಲ್ಲಸ್ರಿ."

ಕಾರ್ಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಪಿ ನೋಡಿದರು. ಮೀಸೆಯ ಗುರುತು ಅವರಿಗೂ ಹತ್ತಿತು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನೌಕರರ ಪಟ್ಟಿಯಲ್ಲಿ ಒಂದು ಹೆಸರು ಹೊಡೆದುಹಾಕಿ ನನ್ನ ಹೆಸರು ಬರೆದರು.

"ನಾಳಿಂದ ಇಲ್ಲಿಗೇ ಬರ್ರಿ."

ಹೊಡೆದುಹಾಕಿದ ಹೆಸರಿನವಳು ಹೊರಗೆ ಅಂಗಳ ಗುಡಿಸುತ್ತಿದ್ದಳು. ಅವಳಿಗೆ ನಾನೇನೂ ಹೇಳಲಿಲ್ಲ. ನನ್ನ ಹೆಸರು ಹೋದಾಗ ಅವಳೇನು ಮಿರಜಿಗೆ ಬಂದು ಹೇಳಿದ್ದಳೇ?