ಇಸ್ತ್ರಿ ಹಾಕಿದ ನಗು

ನನ್ನ ಮಗನಿಗೆ ಪೇಟೆಯವರು ಇಟ್ಟ ಹೆಸರು ಇಸ್ತ್ರಿ. ಬಟ್ಟೆಗಲ್ಲ, ಮುಖಕ್ಕೆ ಇಸ್ತ್ರಿ ಹಾಕುವುದು ಅವನ ಕಸುಬು. ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬೋಳುತಲೆಗೆ ಕೂದಲು, ಮೊಡವೆಗೆ ಮುಕ್ತಿ, ಮುನಿಸಿಕೊಂಡ ಬೀಗರಿಗೆ ಮುಗುಳುನಗೆ ಕೊಡುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರೇನೋ. ಆದರೆ ಕಣ್ಣಿನ ಕೆಳಗೆ ಕೂದಲೆಳೆಯಷ್ಟು ನೆರಳಿದ್ದರೂ ಅವನು ಬಿಡುವುದಿಲ್ಲ. ಹಾಗೆಂದು ಊರೆಲ್ಲ ಹೊಗಳಿಕೊಂಡು ತಿರುಗಿದವಳೇ ನಾನು.

ಅವನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ತಿರುವಿನಲ್ಲಿ ಕಾರು ಕಾಣುವ ಮೊದಲೇ ಅವಳ ನಗು ಕೇಳಿಸುತ್ತಿತ್ತು. ಕಲಿಯುವವರು ಕಂಬಕ್ಕೆ ಗುದ್ದಿದರೂ "ಕಂಬದ್ದೇ ತಪ್ಪು ಬಿಡಿ" ಎಂದು ನಗುವ ಹೆಣ್ಣು. ಬಸಿರಾದಾಗ ಮಗ ತಿಂಗಳಿಗೊಂದು ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕತೊಡಗಿದ.

ಏಳನೇ ತಿಂಗಳಲ್ಲಿ ಆ ನಗು ನಿಂತಿತು. ಒಂದು ಕಾಲಿಗೆ ಕಾಲುಚೀಲ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಮಂಚದ ಮೇಲೆ ಕೂತಿರುತ್ತಿದ್ದಳು.

"ಒಳಗೆಲ್ಲ ಖಾಲಿ ಖಾಲಿ ಅನ್ಸುತ್ತೆ ರೀ" ಎಂದಳು ಒಂದು ದಿನ.

"ಇಷ್ಟು ದೊಡ್ಡ ಹೊಟ್ಟೆ ಇಟ್ಕೊಂಡು ಖಾಲಿ ಅಂತೀಯಲ್ಲೇ!" ಎಂದ ನನ್ನ ಜಾಣ ಮಗ.

ನಾನೇನು ಕಮ್ಮಿಯೇ? "ನಾನು ನಾಲ್ಕು ಹೆತ್ತೆ ಕಣಮ್ಮ, ಅಳೋಕೆ ಪುರುಸೊತ್ತೇ ಸಿಗಲಿಲ್ಲ" ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಮಗು ಹುಟ್ಟಿತು. ಫೋಟೋ ವಾರಕ್ಕೊಂದಾಯಿತು. "ಏನು ಕಳೆ ಬಂದಿದೆ ತಾಯಿಗೆ!" ಎಂದು ಗುಂಪಿನಲ್ಲಿ ಎಲ್ಲರೂ ಬರೆದದ್ದೇ ಬರೆದದ್ದು. ನಾನೂ ಬರೆದೆ. ಸೊಸೆ ಆ ಫೋಟೋವನ್ನು ತುಂಬ ಹೊತ್ತು ನೋಡಿ, "ಇಷ್ಟು ಜನಕ್ಕೆ ನಾನು ನಗೋದು ಕಾಣಿಸ್ತಿದೆ ಅತ್ತೆ. ಹಾಗಾದ್ರೆ ಸುಳ್ಳು ನನ್ನದೇ ಇರಬೇಕು" ಎಂದಳು. ಹೂಂಗುಟ್ಟಿ ಮಗುವಿನ ಬಟ್ಟೆ ಮಡಿಸಿದೆ.

ಮಗುವಿಗೆ ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಾನು ಸೋಪು ತರಲು ಹೋಗಿ ಬರುವಷ್ಟರಲ್ಲಿ ಅದು ಅತ್ತು ಅತ್ತು ಕೆಂಪಾಗಿತ್ತು. ಇವಳು ಅಡುಗೆಮನೆಯಲ್ಲಿ ತೊಳೆದ ಹಾಲಿನ ಬಾಟಲಿಯನ್ನೇ ಮತ್ತೆ ತೊಳೆಯುತ್ತಿದ್ದಳು.

"ನಾನಿಲ್ಲದಿದ್ರೇ ಮಗುಗೆ ಒಳ್ಳೇದು ಅತ್ತೆ. ಸತ್ತು ಹೋಗೋಣ ಅನ್ಸುತ್ತೆ" ಎಂದಳು, ಉಪ್ಪು ಮುಗಿದಿದೆ ಅನ್ನುವ ಧಾಟಿಯಲ್ಲಿ.

ಮಗನನ್ನು ಕರೆಸಿ, ಅವಳ ಕೈ ಬಿಡದೆ ಆಸ್ಪತ್ರೆಗೆ ಹೋದೆ.

"ಯಾವಾಗಿಂದ ಹೀಗೆ?" ಎಂದರು ಡಾಕ್ಟರಮ್ಮ.

ಸೊಸೆ ಬಾಯಿ ಬಿಡುವ ಮೊದಲೇ "ಇವತ್ತಿಂದ" ಎಂದೆ ನಾನು. ಮಗ ಫೋನು ಮುಂದೆ ಹಿಡಿದ: "ಹೋದ ವಾರ ಕೂಡ ಹೇಗೆ ನಗ್ತಿದ್ಳು ನೋಡಿ ಮೇಡಂ."

ಡಾಕ್ಟರಮ್ಮ ಒಂದೊಂದೇ ಫೋಟೋ ಸರಿಸಿದರು. "ಎಲ್ಲದರಲ್ಲೂ ಒಂದೇ ನಗು ಇದೆಯಲ್ಲಪ್ಪ?"

ಮಗ ಫೋನು ಹಿಂದಕ್ಕೆ ತೆಗೆದುಕೊಂಡ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಮ್ಮ ಮನೆಗೆ ಬೇಕಾಯಿತು. ತಿದ್ದದ ಮೂಲ ಫೋಟೋಗಳೂ ಫೋನಿನಲ್ಲೇ ಇದ್ದವು. ಒಂದೊಂದೇ ತೆರೆದು ತೋರಿಸಿದ. ಗುಳಿಬಿದ್ದ ಕಣ್ಣು, ಜೋತುಬಿದ್ದ ತುಟಿ.

"ಏಳನೇ ತಿಂಗಳಿಂದ ಮೇಡಂ" ಎಂದ. "ಆಗಿಂದ ನಗ್ತಾನೇ ಇರಲಿಲ್ಲ. ಹಳೇ ಫೋಟೋದ ನಗು ತೆಗೆದು ನಾನೇ ಅಂಟಿಸ್ತಿದ್ದೆ. ಕಣ್ಣಿನ ಕಪ್ಪು ಸಲಸಲಕ್ಕೂ ಜಾಸ್ತಿ ಅಳಿಸಬೇಕಾಗ್ತಿತ್ತು."

ಎಲ್ಲವೂ ಅವನ ಕಣ್ಣಿಗೆ ಬಿದ್ದಿತ್ತು. ಕೆಲಸವೆಂದು ಅಳಿಸಿದ್ದ, ಅಷ್ಟೇ.

ಸೊಸೆ ಬಾಗಿ ನೋಡಿ "ಹೌದು, ಇದು ನಾನು" ಎಂದಳು. ತಿಂಗಳುಗಳ ಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

"ಇದು ಕಾಯಿಲೆ, ಸೋಮಾರಿತನ ಅಲ್ಲ. ವಾಸಿಯಾಗುತ್ತೆ. ಒಬ್ಬಳನ್ನೇ ಬಿಡಬೇಡಿ" ಎಂದರು ಡಾಕ್ಟರಮ್ಮ, ನನ್ನನ್ನೇ ನೋಡಿ. ಗುಳಿಗೆ ಬಂತು, ವಾರಕ್ಕೊಮ್ಮೆ ಕೂರಿಸಿ ಮಾತಾಡಿಸುವುದು ಬಂತು. ಒಳ್ಳೆಯ ವಾರವೂ ಇತ್ತು, ಕೆಟ್ಟದ್ದೂ ಇತ್ತು.

ಐದು ತಿಂಗಳ ಮೇಲೆ ಮಗ ಕಾರು ಹಿಂದೆ ತೆಗೆಯುವಾಗ ಗೇಟಿಗೆ ಗುದ್ದಿದ. "ಗೇಟಿನದ್ದೇ ತಪ್ಪು ಬಿಡಿ" ಎಂದು ಸೊಸೆ ಬೀದಿಗೆ ಕೇಳುವ ಹಾಗೆ ನಕ್ಕಳು. ಕೆದರಿದ ತಲೆ, ಕಣ್ಣ ಸುತ್ತ ಕಪ್ಪು, ಎಲ್ಲ ಇದ್ದಂತೆಯೇ ಮಗ ಫೋಟೋ ತೆಗೆದು ಗುಂಪಿಗೆ ಹಾಕಿದ.

"ಅಯ್ಯೋ, ಹುಡುಗಿ ಹೀಗೆ ಸೊರಗಿದ್ದಾಳಲ್ಲ! ಹುಷಾರಿಲ್ವಾ?" ಎಂದು ನೆಂಟರೆಲ್ಲ ಮುಗಿಬಿದ್ದರು.

ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ: "ಹುಷಾರಿರಲಿಲ್ಲ. ಆಗ ನಾವೆಲ್ಲ 'ಏನು ಕಳೆ!' ಅಂತ ಬರೆದಿದ್ವಿ."