ಬೀಗರು ತಂದ ಹೆಂಚು

ನನ್ನ ಗಂಡನ ಊರು ಬ್ರಿಟನ್ನಿನ ವೇಲ್ಸ್. ಅತ್ತೆ ತೀರಿಕೊಂಡ ಮರುವರ್ಷ ಮಾವ ಮೊದಲ ಸಲ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿಗೆ ಬಂದರು. ಆಗ ಮಂಡ್ಯದಿಂದ ಅವ್ವನೂ ಬಂದು ನಮ್ಮ ಜೊತೆಯಲ್ಲಿದ್ದಳು.

ಹೊರಡುವಾಗ ಸೂಟ್‌ಕೇಸಿನ ತೂಕ ಹೆಚ್ಚಾಯಿತೆಂದು ಮಾವ ಎರಡು ಸ್ವೆಟರು, ಒಂದು ಜೊತೆ ಬೂಟು ತೆಗೆದು ಬಿಟ್ಟುಬಂದಿದ್ದರು. ಬಿಡದೆ ತಂದದ್ದು ಅತ್ತೆಯ ಕಬ್ಬಿಣದ ಹೆಂಚು. ಅತ್ತೆ ಅದರ ಮೇಲೆ ಒಣದ್ರಾಕ್ಷಿ ಹಾಕಿದ ಪುಟ್ಟ ಬಿಲ್ಲೆಗಳನ್ನು ಬೇಯಿಸುತ್ತಿದ್ದರು. ಹೆಸರು ವೆಲ್ಷ್ ಕೇಕ್. ಆದರೆ ಕೇಕಿಗಿಂತ ಬಿಸ್ಕತ್ತಿಗೆ ಹತ್ತಿರ, ಬಿಸ್ಕತ್ತಿಗಿಂತ ಮೆತ್ತಗೆ.

ಅವ್ವ ಹೆಂಚನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. "ಬೀಗ್ರು ಬಟ್ಟೆ ಬಿಟ್ಟು ಇದನ್ನ ಹೊತ್ಕೊಂಡ್ ಬಂದವ್ರಲ್ಲ. ಒಳ್ಳೇ ಮನುಷ್ಯ ಕಣವ್ವ" ಎಂದಳು.

ಶನಿವಾರ ಅವ್ವ ಮೊಟ್ಟೆ ಮುಟ್ಟುವುದಿಲ್ಲವಾದ್ದರಿಂದ ಆ ಬಿಲ್ಲೆ ಮಾಡುವ ಕೆಲಸ ಭಾನುವಾರ ಶುರುವಾಯಿತು. ಅತ್ತೆ ಮಾಡುವ ವಿಧಾನವನ್ನು ತಮ್ಮ ವೆಲ್ಷ್ ಭಾಷೆಯಲ್ಲಿ ಬರೆದಿಟ್ಟ ಒಂದು ಹಳೆಯ ಕಾರ್ಡು ಮಾವನ ಜೇಬಿನಲ್ಲಿತ್ತು. ನನ್ನ ಗಂಡನಿಗೆ ಆ ಭಾಷೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಅಪ್ಪ ಅದರಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಒಂಬತ್ತು ವರ್ಷದ ನಮ್ಮ ಮಗಳು ಅವ್ವನ ಜೊತೆ ಮಾಡುವುದೂ ಅದನ್ನೇ.

ಮಾವ ಕನ್ನಡಕ ಏರಿಸಿ ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ಒಣದ್ರಾಕ್ಷಿ, ಜಾಯಿಕಾಯಿ ಎಂದು ಓದಿ ಹೇಳಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಒಲೆಯ ಮುಂದೆ ನಿಂತವರಲ್ಲ. ಆದರೂ ತಾವೇ ಹಿಟ್ಟು ಕಲಸಿ, ಹೆಂಚನ್ನು ಕೆಂಡದಂತೆ ಕಾಯಿಸಿ ಬಿಲ್ಲೆಗಳನ್ನು ಇಟ್ಟರು. ಮೇಲೆ ಕರಕಲು, ಒಳಗೆ ಹಸಿ ಹಿಟ್ಟು. ಹೊಗೆಗೆ ಅಲಾರಂ ಕಿರುಚತೊಡಗಿತು. ಗಂಡ ಕುರ್ಚಿ ಹತ್ತಿ ಅಲಾರಮಿನ ಕೆಳಗೆ ಟವೆಲ್ ಬೀಸಿದ.

"ಸರೀರಿ ಬೀಗ್ರೆ" ಎಂದು ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮಾವನಿಗೆ ಮಾತು ತಿಳಿಯದಿದ್ದರೂ ಸರಿದು ನಿಂತರು. ಅವ್ವ ಉರಿ ತಗ್ಗಿಸಿ, ಹೆಂಚಿಗೆ ನೀರು ಚಿಮುಕಿಸಿ ಕಾವು ನೋಡಿದಳು. ಆಮೇಲೆ ಹೊಸ ಹಿಟ್ಟು ಕಲಸಿ ಚಪಾತಿಗೆ ನಾದುವಂತೆ ಅಂಗೈ ಊರಿ ಚೆನ್ನಾಗಿ ನಾದಿದಳು. ಈ ಸಲ ಬಣ್ಣ ಬಂಗಾರದಂತೆ ಬಂತು. ಆದರೆ ಕಚ್ಚಿದ ಮಾವ ತುಂಬ ಹೊತ್ತು ಅಗಿದರು. ಮರ್ಯಾದಸ್ಥರು, ಇನ್ನೊಂದು ತುಂಡನ್ನೂ ಬಾಯಿಗಿಟ್ಟರು. ಮಗಳು ಮಾತ್ರ "ಇಟ್ಸ್ ಲೈಕ್ ರಬ್ಬರ್, ಅಜ್ಜಿ" ಅಂದಳು.

ಅವ್ವನ ಮುಖ ಸಣ್ಣದಾಯಿತು. "ಹಿಟ್ಟು ನಾದದೆ ಇನ್ನೇನ್ ಮಾಡಾದು?"

ಅಷ್ಟರಲ್ಲಿ ಗಂಡ ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದ. "ಅಪ್ಪಾ, ಹಿಂದೆಯೂ ಏನೋ ಬರೆದಿದೆ."

ಮಾವ ಅದನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡರು. ನಗು ಬಂತು, ಕಣ್ಣೂ ತುಂಬಿತು. ಆಮೇಲೆ ನಮಗೆ ಇಂಗ್ಲಿಷಿನಲ್ಲಿ ಹೇಳಿದರು: "ಹಿಟ್ಟನ್ನು ನಾದಬೇಡಿ. ತಣ್ಣನೆಯ ಕೈಯಲ್ಲಿ ಸುಮ್ಮನೆ ಒಟ್ಟು ಮಾಡಿ. ಇವರು ಮಾಡುತ್ತೇನೆಂದರೆ ಒಲೆಯ ಹತ್ತಿರ ಬಿಡಬೇಡಿ."

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಕಾರ್ಡನ್ನು ಕೈಗೆ ತೆಗೆದುಕೊಂಡು, ತನಗೆ ಬಾರದ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. "ಗಂಡನ್ನ ಸರಿಯಾಗಿ ತಿಳ್ಕೊಂಡಿದ್ಲು ಈವಮ್ಮ."

ಅದನ್ನೂ ಇಂಗ್ಲಿಷಿಗೆ ತಿರುಗಿಸಿದೆ. ಮಾವ ಜೋರಾಗಿ ನಕ್ಕರು. ಅವರು ಬಂದ ಮೇಲೆ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಮೂರನೆಯ ಸಲ ಅವ್ವ ನಲ್ಲಿಯ ತಣ್ಣೀರಿನಲ್ಲಿ ಕೈ ಅದ್ದಿ ಒರೆಸಿಕೊಂಡು ಬೆರಳ ತುದಿಯಲ್ಲೇ ಹಿಟ್ಟು ಕೂಡಿಸಿದಳು. ಮಗಳು ಲೋಟದ ಬಾಯಿಂದ ಬಿಲ್ಲೆ ಒತ್ತಿದಳು. ಮಾವನಿಗೆ ಸಕ್ಕರೆ ಉದುರಿಸುವ ಕೆಲಸ. ಅವ್ವ ಅಷ್ಟಕ್ಕೆ ಮಾತ್ರ ಒಪ್ಪಿದ್ದು. ಬಿಲ್ಲೆಗಳು ಉಬ್ಬಿ, ಅಂಚು ಸ್ವಲ್ಪ ಬಿರಿದು, ಮನೆಯೆಲ್ಲ ಬೆಣ್ಣೆಯ ಘಮ. ಮಾವ ಒಂದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಇದೇ" ಎಂದರು.

ಅವ್ವ ಕಾಫಿಯ ಜೊತೆ ಎರಡು ತಿಂದಳು. "ಚೆಂದಾಗದೆ ಕಣವ್ವ. ಆದ್ರೆ ನಮ್ ಕಜ್ಜಾಯದ ಮುಂದೆ ಏನೂ ಅಲ್ಲ."

ಮಾವ ನನ್ನತ್ತ ತಿರುಗಿ, "ಏನಂದರು?" ಎಂದು ಕೇಳಿದರು.

"ಬಹಳ ಚೆನ್ನಾಗಿದೆಯಂತೆ" ಎಂದೆ. ಮಗಳು ಉಳಿದದ್ದನ್ನು ಹೇಳಲು ಬಾಯಿ ತೆರೆದಳು. ಅವಳ ಬಾಯಿಗೆ ಇನ್ನೊಂದು ಬಿಲ್ಲೆ ತುರುಕಿದೆ.